ವಿಮೆಯ ಮೂರು ಕಾಲಗಳು

ಜೀವವಿಮೆ ಇಳಿಸಿದ ಮೇಲೆ ಮನುಷ್ಯನಿಗೆ ಹೊಸದಾಗಿ ಒಂದು ರೋಗ ಅಂಟಿಕೊಂಡಿತೆನ್ನಿ. ಸಕ್ಕರೆ ರೋಗವೋ ರಕ್ತದ ಒತ್ತಡವೋ ಹೃದಯದ ಬೇನೆಯೋ, ಯಾವುದಾದರೂ ಆದೀತು. ಆ ಸಂಗತಿಯನ್ನು ಅವನು ವಿಮಾ ಸಂಸ್ಥೆಗೆ ತಿಳಿಸಬೇಕೆ, ಬೇಡವೆ? ಪ್ರಶ್ನೆ ಸಣ್ಣದು; ಉತ್ತರ ಇನ್ನೂ ಸಣ್ಣದು. ತಿಳಿಸಬೇಕಾಗಿಲ್ಲ. ಆದರೆ ಈ ಸಣ್ಣ ಉತ್ತರ ತಿಳಿಯದೆ ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಜನ ಪಡುವ ಕಷ್ಟ ದೊಡ್ಡದು. ವಿಮೆಯಲ್ಲಿ ಸತ್ಯ ನುಡಿಯಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ; ಆ ಸತ್ಯವನ್ನು ಯಾವ ಹೊತ್ತಿನಲ್ಲಿ ನುಡಿಯಬೇಕು, ಯಾವ ಹೊತ್ತಿನಲ್ಲಿ ನುಡಿಯಬೇಕಾದ ಹಂಗಿಲ್ಲ ಎಂಬುದನ್ನು ಬಿಡಿಸಿ ಹೇಳುವವರು ವಿರಳ. ಹೇಳದೆ ಬಿಟ್ಟ ಈ ಅರ್ಧವೇ ಬಡವರ ಮನೆಯನ್ನು ಕೆಡಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಕನ್ನಡ ಪಾಠ ಹೇಳುವವನಿಗೆ ವಿಮೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಊರುಗಳಲ್ಲಿ ನಾಲ್ಕಕ್ಷರ ಬಲ್ಲವನ ಬಾಗಿಲಿಗೆ ಎಲ್ಲ ಬಗೆಯ ಕಾಗದಗಳೂ ಬರುತ್ತವೆ. ಪಹಣಿ ಬರುತ್ತದೆ, ಬ್ಯಾಂಕಿನ ನೋಟೀಸು ಬರುತ್ತದೆ, ಆಸ್ಪತ್ರೆಯ ಚೀಟಿ ಬರುತ್ತದೆ. ಹಾಗೆಯೇ ಪಾಲಿಸಿಯೂ ಬರುತ್ತದೆ. ಒಮ್ಮೆ ಹುಮನಾಬಾದ್ ತಾಲೂಕಿನ ಒಬ್ಬ ರೈತರು, ನನ್ನ ವಿದ್ಯಾರ್ಥಿಯೊಬ್ಬನ ತಂದೆ, ತಮ್ಮ ಪಾಲಿಸಿಯನ್ನು ಹಿಡಿದುಕೊಂಡು ಬಂದರು. ವಿಮೆ ಇಳಿಸಿ ನಾಲ್ಕು ವರ್ಷ ತುಂಬಿತ್ತು. ಒಂದು ಕಂತೂ ತಪ್ಪಿರಲಿಲ್ಲ. ಐದನೆಯ ವರ್ಷದಲ್ಲಿ ಸಕ್ಕರೆ ರೋಗವಿರುವುದು ಗೊತ್ತಾಯಿತು. ಸಂತೆಯಲ್ಲಿ ಯಾರೋ ಹೇಳಿದರಂತೆ: ತಿಳಿಸಿದರೆ ಪಾಲಿಸಿ ರದ್ದಾಗುತ್ತದೆ, ತಿಳಿಸದಿದ್ದರೆ ಸತ್ತಾಗ ಹಣ ಬರುವುದಿಲ್ಲ. ಅವರ ಮಾತು ಇಷ್ಟು: “ಇನ್ನ ಕಂತು ಕಟ್ಟಿ ಏನ್ ಫಾಯ್ದಾ ಸರ? ನಾ ಸತ್ತ ಮ್ಯಾಲೆ ಹೆಂಡ್ರು ಮಕ್ಕಳಿಗಿ ಅವರು ರೊಕ್ಕ ಕೊಡಂಗಿಲ್ಲ.” ಕಟ್ಟುವುದನ್ನು ಬಿಟ್ಟುಬಿಡುವುದೆಂದು ಅವರು ನಿಶ್ಚಯಿಸಿ ಆಗಿತ್ತು.

ಇನ್ನೊಮ್ಮೆ ಬಂದದ್ದು ಪಾಲಿಸಿಯಲ್ಲ, ತಿರಸ್ಕಾರದ ಪತ್ರ. ತಂದವರು ಒಬ್ಬ ವಿಧವೆ. ಅವರ ಗಂಡನಿಗೆ ವಿಮೆ ಇಳಿಸುವುದಕ್ಕೆ ಎರಡು ವರ್ಷ ಮೊದಲಿನಿಂದಲೂ ರಕ್ತದ ಒತ್ತಡಕ್ಕೆ ಗುಳಿಗೆ ನಡೆದಿತ್ತು. ಮನೆಯ ಪಡಸಾಲೆಯಲ್ಲಿ ಕುಳಿತು ಅರ್ಜಿ ತುಂಬಿದ ಏಜೆಂಟರಿಗೆ ಅದನ್ನು ಹೇಳಿಯೂ ಇದ್ದರಂತೆ. “ಅದೆಲ್ಲ ಬರಿಯೂದು ಬ್ಯಾಡ” ಎಂದು ಅವರು ಎಲ್ಲ ಪ್ರಶ್ನೆಗಳ ಮುಂದೆಯೂ ‘ಇಲ್ಲ’ ಎಂದು ಬರೆದು ಸಹಿ ಹಾಕಿಸಿಕೊಂಡು ಹೋದರು. ಎರಡನೆಯ ವರ್ಷದಲ್ಲಿಯೇ ಗಂಡ ತೀರಿಕೊಂಡರು, ಆಸ್ಪತ್ರೆಯ ಕಡತದಿಂದ ಹಳೆಯ ಗುಳಿಗೆಯ ಸಂಗತಿ ಹೊರಬಿತ್ತು, ಹಣ ಬರಲಿಲ್ಲ. ಸಂಸ್ಥೆ ಯಾವುದು, ಏಜೆಂಟರು ಯಾರು ಎಂಬುದು ಇಲ್ಲಿ ಅಪ್ರಸ್ತುತ. ಒಂದು ಮನೆಯಲ್ಲಿ ಹೇಳಲೇಬೇಕಾದ ಮಾತು ಕಾಗದಕ್ಕೆ ಇಳಿಯಲಿಲ್ಲ; ಇನ್ನೊಂದು ಮನೆಯಲ್ಲಿ ಹೇಳಬೇಕಾಗಿಲ್ಲದ ಮಾತಿಗಾಗಿ ಮನುಷ್ಯ ಹೆದರಿ ಕುಳಿತ. ಎರಡರ ಮೂಲವೂ ಒಂದೇ ಅಜ್ಞಾನ.

ವಿಮೆಯ ಅರ್ಜಿಯನ್ನು ನಾನು ಓದುವುದು ವ್ಯಾಕರಣದ ಕಣ್ಣಿನಿಂದ. ಕ್ರಿಯಾಪದಕ್ಕೆ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳಿವೆಯಷ್ಟೆ. ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಇರುವ ಪ್ರಶ್ನೆಗಳೆಲ್ಲ ಮೊದಲಿನ ಎರಡು ಕಾಲಗಳಿಗೆ ಸೇರಿದವು. ಹಿಂದಿನ ಐದು ವರ್ಷಗಳಲ್ಲಿ ಒಂದು ವಾರಕ್ಕೆ ಮೀರಿ ಚಿಕಿತ್ಸೆ ಬೇಕಾದ ಕಾಯಿಲೆಗೆ ವೈದ್ಯರನ್ನು ಕಂಡದ್ದುಂಟೆ? ಆಸ್ಪತ್ರೆಯಲ್ಲಿ ಮಲಗಿದ್ದುಂಟೆ? ಇದು ಭೂತಕಾಲ. ಈಗ ಯಾವುದಾದರೂ ರೋಗದಿಂದ ನರಳುತ್ತಿದ್ದೀರಾ? ಔಷಧ ತೆಗೆದುಕೊಳ್ಳುತ್ತಿದ್ದೀರಾ? ಇದು ವರ್ತಮಾನ. ಮುಂದೆ ನಿಮಗೆ ಏನು ರೋಗ ಬರಲಿದೆ ಎಂದು ಯಾವ ಅರ್ಜಿಯೂ ಕೇಳುವುದಿಲ್ಲ. ಕೇಳುವುದು ಸಾಧ್ಯವೂ ಅಲ್ಲ. ಆ ಭವಿಷ್ಯತ್ಕಾಲವನ್ನು ಸಂಸ್ಥೆ ತನ್ನ ಪಾಲಿಗೆ ತೆಗೆದುಕೊಂಡಿದೆ. ‘ನಿನ್ನೆ ಇಂದಿನ ಸಂಗತಿಯನ್ನು ನೀನು ಮುಚ್ಚಿಡದೆ ಹೇಳು, ನಾಳೆಯ ಭಾರವನ್ನು ನಾನು ಹೊರುತ್ತೇನೆ’ ಎಂಬುದೇ ಈ ಒಪ್ಪಂದದ ಸಾರ. ನಾಳೆ ಬಂದ ರೋಗಕ್ಕಾಗಿ ನಿನ್ನೆ ಕೊಟ್ಟ ಉತ್ತರ ಸುಳ್ಳಾಗುವುದಿಲ್ಲ.

ಇದು ಹೊರಗಿನಿಂದ ಬಂದ ನ್ಯಾಯ, ನಮಗೆ ಪರಕೀಯ ಎಂದು ತಿಳಿಯಬೇಕಾಗಿಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಗ್ರಂಥದ ಕೊನೆಯಲ್ಲಿ ಕಲ್ಯಾಣವನ್ನೂ ಅದರ ದೊರೆಯನ್ನೂ ಅವನು ಹಾಡಿ ಹೊಗಳಿದ್ದಾನೆ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಮಾರಾಟದ ವಿಚಾರ ಬರುತ್ತದೆ. ದೋಷವುಳ್ಳ ಸರಕನ್ನು ದೋಷವಿಲ್ಲದ್ದೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವೆಂದು ಅಲ್ಲಿ ವಿಧಿಸಿದೆ. ಅದೇ ಪ್ರಕರಣದಲ್ಲಿ ಇನ್ನೊಂದು ಮಾತೂ ಇದೆ: ವ್ಯಾಪಾರ ಮುಗಿದು, ಮಾರಿದವನು ಕೊಡಲು ಸಿದ್ಧನಿದ್ದರೂ ಕೊಂಡವನು ಒಯ್ಯದೆ ಬಿಟ್ಟಾಗ ಸರಕಿಗೆ ಹಾನಿ ತಟ್ಟಿದರೆ ಆ ನಷ್ಟ ಕೊಂಡವನದು. ಬಚ್ಚಿಟ್ಟ ದೋಷ ಬೇರೆ, ವ್ಯಾಪಾರ ಕುದುರಿದ ಮೇಲೆ ಒದಗಿದ ಹಾನಿ ಬೇರೆ. ಮೊದಲನೆಯದು ಅಪರಾಧ, ಎರಡನೆಯದಕ್ಕೆ ಭಾರ ಯಾರದೆಂದು ಮಾತ್ರ ನೋಡಬೇಕು. ಜೀವವಿಮೆಗೂ ಸಲ್ಲುವ ವಿವೇಕವಿದು. ಒಂಬೈನೂರು ವರ್ಷಗಳ ಹಿಂದೆ ಈ ಊರಿನಲ್ಲಿ ಕುಳಿತು ಒಬ್ಬನು ವಿವರಿಸಿದ ಭೇದವನ್ನು ಈ ಊರಿನವರೇ ಮರೆತಿರುವುದು ವಿಷಾದದ ಸಂಗತಿ.

ಹಾಗಾದರೆ ‘ಇಂದು’ ಎಂಬುದು ಎಲ್ಲಿಗೆ ಮುಗಿಯುತ್ತದೆ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಅರ್ಜಿಗೆ ಸಹಿ ಹಾಕಿದ ದಿನಕ್ಕೆ ಅದು ಮುಗಿಯುವುದಿಲ್ಲ. ಸಂಸ್ಥೆ ಅರ್ಜಿಯನ್ನು ಒಪ್ಪಿ ಒಪ್ಪಂದ ಪೂರ್ಣವಾಗುವ ದಿನಕ್ಕೆ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ 1886ರಲ್ಲಿ ತೀರ್ಮಾನವಾದ ಕ್ಯಾನಿಂಗ್ ಮತ್ತು ಫಾರ್ಕರ್ ಎಂಬ ಮೊಕದ್ದಮೆಯಿದೆ. ಅರ್ಜಿ ಹಾಕಿದ್ದ ಮನುಷ್ಯ ಕಂತಿನ ಹಣ ಕಟ್ಟುವುದಕ್ಕೆ ಮುಂಚೆ ಬೆಟ್ಟದ ಕಡಿದಾದ ಅಂಚಿನಿಂದ ಬಿದ್ದು ತೀವ್ರವಾಗಿ ಗಾಯಗೊಂಡ. ಅನಂತರ ಅವನ ಪರವಾಗಿ ಹಣ ಕಟ್ಟಲು ಹೋದರೆ ಸಂಸ್ಥೆ ಸ್ವೀಕರಿಸಲಿಲ್ಲ. ಅದು ಸರಿಯೆಂದೇ ನ್ಯಾಯಾಲಯ ಹೇಳಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಜೀವವಿಮಾ ನಿಗಮ ಮತ್ತು ಆಶಾ ಗೋಯಲ್ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ: ತಿಳಿಸುವ ಕರ್ತವ್ಯ ಒಪ್ಪಂದ ಮುಗಿಯುವ ತನಕ ಮುಂದುವರಿಯುತ್ತದೆ, ಅರ್ಜಿಗೂ ಅಂಗೀಕಾರಕ್ಕೂ ನಡುವೆ ಆದ ಮಹತ್ತ್ವದ ಬದಲಾವಣೆಯೂ ಅದರೊಳಗೆ ಸೇರುತ್ತದೆ.

ಆದುದರಿಂದ ಸೋಮವಾರ ಅರ್ಜಿ ಕೊಟ್ಟು, ಗುರುವಾರ ಆರೋಗ್ಯ ಶಿಬಿರದಲ್ಲಿ ರಕ್ತ ಪರೀಕ್ಷೆಯಾಗಿ ಸಕ್ಕರೆ ಹೆಚ್ಚಿದೆಯೆಂದು ತಿಳಿದರೆ, ಪಾಲಿಸಿ ಇನ್ನೂ ಕೈಸೇರಿಲ್ಲವಾದರೆ, ಬರೆದು ತಿಳಿಸಲೇಬೇಕು. ಅದನ್ನು ನುಂಗಿಕೊಂಡರೆ ಮುಂದಿನ ಕಂತುಗಳೆಲ್ಲ ಮರಳಿನ ಮೇಲೆ ಕಟ್ಟಿದ ಗೋಡೆ. ಆದರೆ ಗೊತ್ತಿಲ್ಲದ ರೋಗವನ್ನು ಯಾರೂ ಹೇಳಲಾರರು. ತಿಳಿದದ್ದನ್ನು ಹೇಳಬೇಕೆಂಬುದಷ್ಟೇ ನಿಯಮ. ಪಾಲಿಸಿ ಜಾರಿಗೆ ಬಂದ ಮೇಲೆ ಮೊದಲ ಬಾರಿ ಬೇನೆ ಕಾಣಿಸಿಕೊಂಡು ವೈದ್ಯರು ಅದಕ್ಕೊಂದು ಹೆಸರಿಟ್ಟರೆ ಅದು ಭವಿಷ್ಯತ್ಕಾಲದ ಲೆಕ್ಕ, ಸಂಸ್ಥೆಯ ಲೆಕ್ಕ.

ಈ ನಿಯಮ ದಾಕ್ಷಿಣ್ಯದಿಂದ ಹುಟ್ಟಿದ್ದಲ್ಲ. ವಿಮೆಯ ಗಣಿತದಿಂದ ಹುಟ್ಟಿದ್ದು. ಆರೋಗ್ಯವಂತರಾದ ಸಾವಿರ ಜನರಲ್ಲಿ ಕೆಲವರು ಮುಂದೆ ರೋಗಿಗಳಾಗುತ್ತಾರೆ, ಅವರಲ್ಲಿ ಕೆಲವರು ಬೇಗ ಸಾಯುತ್ತಾರೆ ಎಂದು ಎಣಿಸಿಯೇ ಕಂತಿನ ಮೊತ್ತವನ್ನು ಕಟ್ಟಿರುತ್ತಾರೆ. ಒಬ್ಬನಿಗೆ ರೋಗ ಬಂದಿತೆಂದು ನಡುವೆ ಅವನ ಕಂತನ್ನು ಏರಿಸುವಂತಿಲ್ಲ, ಪಾಲಿಸಿಯನ್ನು ಕಿತ್ತುಕೊಳ್ಳುವಂತಿಲ್ಲ. ರೋಗ ಬಂದೊಡನೆ ಕಳಚಿಕೊಳ್ಳುವ ವಿಮೆಯು ಮಳೆ ಬಂದಾಗ ಮಡಿಚಿಡುವ ಕೊಡೆಯಂತಾದೀತು. ಇಷ್ಟಾದರೂ ನಿಮ್ಮ ಪಾಲಿಸಿಯ ಷರತ್ತುಗಳಲ್ಲಿ ಬೇರೆ ಮಾತು ಬರೆದಿದೆಯೆ ಎಂದು ಓದಿ ನೋಡುವುದು ಒಳ್ಳೆಯದು. ಗಂಭೀರ ಕಾಯಿಲೆಗೆಂದು ಹೆಚ್ಚುವರಿ ರಕ್ಷಣೆ ಪಡೆದಿದ್ದರೆ ರೋಗ ಗೊತ್ತಾದೊಡನೆ ತಿಳಿಸಬೇಕು. ಅದು ತಪ್ಪೊಪ್ಪಿಗೆಯಲ್ಲ, ಬರಬೇಕಾದ ಹಣವನ್ನು ಕೇಳುವ ಬಗೆ.

ಇನ್ನು ಮುಖ್ಯವಾದ ಅಪಾಯಕ್ಕೆ ಬರೋಣ. ಮುಗಿದುಹೋದ ವರ್ತಮಾನಕಾಲ ಮತ್ತೆ ತಲೆಯೆತ್ತುವ ಸಂದರ್ಭಗಳುಂಟು. ಹೊಸ ಪಾಲಿಸಿ ತೆಗೆದುಕೊಂಡರೆ ಹೊಸ ಅರ್ಜಿ, ಹೊಸ ಪ್ರಶ್ನೆಗಳು. ಅಲ್ಲಿ ಈಗಿನ ರೋಗವನ್ನೂ ಹೇಳಬೇಕು, ಮೊದಲಿನ ಪಾಲಿಸಿಗಳನ್ನೂ ಹೇಳಬೇಕು. ಹಿಂದಿನ ಪಾಲಿಸಿಯ ವಿಷಯವನ್ನು ಮರೆಮಾಚಿದ್ದಕ್ಕಾಗಿಯೇ 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ರೇಖಾಬೆನ್ ರಾಠೋಡ್ ಮೊಕದ್ದಮೆಯಲ್ಲಿ ಸಂಸ್ಥೆಯ ಪಕ್ಷವನ್ನು ಎತ್ತಿಹಿಡಿಯಿತು. ವಿಮೆಯ ಮೊತ್ತವನ್ನು ಹೆಚ್ಚಿಸಿಕೊಂಡರೂ ಹೀಗೆಯೇ. ಎಲ್ಲಕ್ಕಿಂತ ಕಷ್ಟದ್ದು ಪಾಲಿಸಿ ಕಂತು ತಪ್ಪಿ ಬಿದ್ದುಹೋಗಿ, ಅದನ್ನು ಮತ್ತೆ ಎಬ್ಬಿಸುವ ಸಂದರ್ಭ. ಆಗ ‘ನಾನು ಆರೋಗ್ಯವಾಗಿದ್ದೇನೆ’ ಎಂದು ಹೊಸದಾಗಿ ಬರೆದುಕೊಡಬೇಕಾಗುತ್ತದೆ. ನಡುವೆ ಬಂದ ರೋಗವನ್ನು ಅಲ್ಲಿ ಹೇಳಲೇಬೇಕು. ಹೇಳಿದರೆ ಸಂಸ್ಥೆ ಹೆಚ್ಚು ಹಣ ಕೇಳಬಹುದು, ಒಪ್ಪದೆಯೂ ಇರಬಹುದು. ಹೇಳದಿದ್ದರೆ ಮುಂದೆ ಮನೆಯವರಿಗೆ ಸಂಕಟ ತಪ್ಪದು.

1962ರ ಮಿಠೂಲಾಲ್ ನಾಯಕ್ ಮೊಕದ್ದಮೆ ಈ ವಿಷಯದಲ್ಲಿ ಪ್ರಸಿದ್ಧವಾದುದು. 1945ರಲ್ಲಿ ಇಳಿಸಿದ ವಿಮೆ ಕಂತು ತಪ್ಪಿ ಬಿದ್ದಿತ್ತು. 1946ರ ಜುಲೈಯಲ್ಲಿ ಅದಕ್ಕೆ ಮತ್ತೆ ಜೀವ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ವಿಮೆ ಇಳಿಸಿದವನು ತೀರಿಕೊಂಡ. ವಿಮೆಗೆ ಮುನ್ನವೇ ರಕ್ತಹೀನತೆ ಮೊದಲಾದ ಬೇನೆಗಳಿಗೆ ವೈದ್ಯರ ಬಳಿ ಚಿಕಿತ್ಸೆ ಪಡೆದದ್ದನ್ನು ಅವನು ಮರೆಮಾಡಿದ್ದ. ಹಣ ಸಿಗಲಿಲ್ಲ. ಅಂದು ನ್ಯಾಯಾಲಯ ಕಾಲಾವಧಿಯನ್ನು ಎಣಿಸಿದ್ದು ಮೂಲ ಪಾಲಿಸಿಯ ದಿನದಿಂದ. ಈಗಿನ ಕಾನೂನು ಪುನಶ್ಚೇತನದ ದಿನವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಆ ಕಾನೂನೆಂದರೆ 1938ರ ವಿಮಾ ಅಧಿನಿಯಮದ 45ನೆಯ ಕಲಮು. ಮೊದಲು ಎರಡು ವರ್ಷವೆಂದೂ ವಂಚನೆಯಿದ್ದರೆ ಅನಂತರವೂ ಪ್ರಶ್ನಿಸಬಹುದೆಂದೂ ಇತ್ತು. 2015ರ ತಿದ್ದುಪಡಿಯಂತೆ ಪಾಲಿಸಿ ಕೊಟ್ಟ ದಿನ, ಹೊಣೆ ಆರಂಭವಾದ ದಿನ, ಪುನಶ್ಚೇತನದ ದಿನ, ಹೆಚ್ಚುವರಿ ರಕ್ಷಣೆ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ ಮೂರು ವರ್ಷ ಕಳೆದ ಮೇಲೆ ಯಾವ ಕಾರಣದಿಂದಲೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ ಪ್ರಶ್ನಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ವಂಚನೆಯಿಲ್ಲದ ತಪ್ಪು ಹೇಳಿಕೆಯಾದರೆ ಕಟ್ಟಿದ ಕಂತುಗಳನ್ನು 90 ದಿನಗಳೊಳಗೆ ಹಿಂದಿರುಗಿಸಬೇಕು. ಆ ಸಂಗತಿ ತಿಳಿದಿದ್ದರೆ ತಾನು ಪಾಲಿಸಿಯನ್ನೇ ಕೊಡುತ್ತಿರಲಿಲ್ಲವೆಂದು ತೋರಿಸುವ ಹೊಣೆಯೂ ಸಂಸ್ಥೆಯದೇ.

ಈಗ ಆ ರೈತರ ನಿಶ್ಚಯವನ್ನು ತೂಗಿ ನೋಡಿ. ನಾಲ್ಕು ವರ್ಷ ತಪ್ಪದೆ ಕಟ್ಟಿ ಮೂರು ವರ್ಷದ ಗಡಿಯನ್ನು ಅವರು ದಾಟಿಯಾಗಿತ್ತು. ರೋಗ ಬಂದದ್ದು ಅನಂತರ. ಅವರ ಕೈಯಲ್ಲಿದ್ದದ್ದು ಗಟ್ಟಿಯಾದ ಪಾಲಿಸಿ. ಹೆದರಿ ಕಂತು ನಿಲ್ಲಿಸಿದ್ದರೆ ಆ ಗಟ್ಟಿತನವನ್ನು ತಾವೇ ಒಡೆದು, ಮುಂದೊಂದು ದಿನ ಮತ್ತೆ ಎಬ್ಬಿಸಲು ಹೋಗಿ, ಸಕ್ಕರೆ ರೋಗವನ್ನು ಬರೆದುಕೊಟ್ಟು, ಮೂರು ವರ್ಷದ ಎಣಿಕೆಯನ್ನು ಒಂದರಿಂದ ಆರಂಭಿಸಬೇಕಾಗುತ್ತಿತ್ತು. ರೋಗ ಬಂದ ಮೇಲೆ ಮಾಡಬಾರದ ಒಂದೇ ಒಂದು ಕೆಲಸವೆಂದರೆ ಕಂತು ಬಿಡುವುದು; ಹೆದರಿಕೆ ಜನರಿಂದ ಅದನ್ನೇ ಮಾಡಿಸುತ್ತದೆ. ತಿಂಗಳ ಕಂತಿಗೆ 15 ದಿನ, ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತುಗಳಿಗೆ 30 ದಿನ ವಾಯಿದೆ ಇರುತ್ತದೆ. ತೊಗರಿ ಮಾರಿ ಹಣ ಕೈಗೆ ಬರುವುದು ತಡವಾದರೂ ಆ ವಾಯಿದೆಯನ್ನು ಮೀರಬಾರದು. ಇದನ್ನು ಬಿಡಿಸಿ ಹೇಳಿದ ಮೇಲೆ ಅವರು ಕಂತು ಕಟ್ಟಿದರು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಿಜ್ಜಳನ ಭಂಡಾರವನ್ನು ಕಾಯ್ದ ಬಸವಣ್ಣನವರು ನಡೆದಾಡಿದ ಊರಿದು. ನುಡಿಯೂ ನಡೆಯೂ ಒಂದಾಗಬೇಕೆಂದು ಶರಣರು ಬಾಳಿ ತೋರಿದ ನೆಲವಿದು. ಇಲ್ಲಿ ಕುಳಿತು ‘ತಿಳಿಸಬೇಕಾಗಿಲ್ಲ’ ಎಂದು ಬೋಧಿಸುವುದು ಅಪ್ರಾಮಾಣಿಕತೆಯಲ್ಲವೆ? ಹಾಗಲ್ಲವೆಂದು ನನ್ನ ನಂಬಿಕೆ. ಕೇಳಿದವನಿಗೆ ಸುಳ್ಳು ಹೇಳುವುದು ಅಪ್ರಾಮಾಣಿಕತೆ. ಹೇಳುವ ಹೊಣೆಯಿದ್ದಲ್ಲಿ ಬಾಯಿ ಮುಚ್ಚುವುದೂ ಅಪ್ರಾಮಾಣಿಕತೆ. ಕೇಳದಿರುವ, ಕೇಳುವ ಹಕ್ಕೂ ಇಲ್ಲದಿರುವ ಸಂಗತಿಯನ್ನು ತನ್ನಲ್ಲೇ ಇಟ್ಟುಕೊಳ್ಳುವುದು ಕೇವಲ ಮೌನ. ಭಂಡಾರಿಯಾದವನು ಕೊಟ್ಟ ಮಾತಿಗೆ ತಪ್ಪದೆ ಲೆಕ್ಕ ಒಪ್ಪಿಸಬೇಕು. ಆ ಮಾತು ಎರಡು ಕಡೆಯವರನ್ನೂ ಕಟ್ಟುತ್ತದೆ. ಅರ್ಜಿಯ ದಿನ ನಾನು ಸತ್ಯ ನುಡಿದಿದ್ದರೆ, ನನ್ನ ರೋಗದ ದಿನ ಸಂಸ್ಥೆ ತನ್ನ ಮಾತನ್ನು ನಡೆಸಬೇಕು.

ಇನ್ನೊಂದು ಆಕ್ಷೇಪ ಎದುರು ಕಡೆಯಿಂದ ಬರುತ್ತದೆ. ಮೂರು ವರ್ಷ ಸುಳ್ಳನ್ನು ಕಾಪಾಡಿಕೊಂಡವನಿಗೆ ಕಾನೂನೇ ರಕ್ಷಣೆ ಕೊಟ್ಟಂತಾಗಲಿಲ್ಲವೆ? ಒಂದಿಷ್ಟು ಹಾಗಾಗುವುದು ನಿಜ. ಆದರೆ ಇಪ್ಪತ್ತು ವರ್ಷ ಕಂತು ಕಟ್ಟಿಸಿಕೊಂಡು, ಮನುಷ್ಯ ಸತ್ತ ಮೇಲೆ, ಏನೂ ಅರಿಯದ ಹೆಂಡತಿಯನ್ನು ಕರೆದು, ಹಳೆಯ ಆಸ್ಪತ್ರೆಯ ಚೀಟಿ ಹಿಡಿದು ಪ್ರಶ್ನಿಸುವ ಅನ್ಯಾಯ ಅದಕ್ಕಿಂತ ದೊಡ್ಡದು. ವಿಚಾರಿಸುವ ಬಲ ಸಂಸ್ಥೆಗಿದೆ. ಮೂರು ವರ್ಷದ ಕಾಲಾವಕಾಶವೂ ಇದೆ. ಸತ್ತವನು ಬಂದು ಸಾಕ್ಷಿ ಹೇಳಲಾರ. ಹಾಗೆಂದು ಮೂರು ವರ್ಷದ ಗಡಿಯನ್ನು ಜೂಜಿನಂತೆ ಎಣಿಸಿ ಸುಳ್ಳು ಬರೆಯುವವನು ಮೂರ್ಖ. ಸಾವು ಮೂರು ವರ್ಷ ತಡೆದು ಬರುತ್ತೇನೆಂದು ಯಾರಿಗೂ ಬರೆದುಕೊಟ್ಟಿಲ್ಲ. ಆ ವಿಧವೆಯ ಮನೆಯೇ ಇದಕ್ಕೆ ಸಾಕ್ಷಿ.

ಆ ಮನೆಯ ನೆನಪು ನನ್ನನ್ನು ಭಾಷೆಯ ವಿಷಯಕ್ಕೆ ತರುತ್ತದೆ. ಜೀವವಿಮಾ ನಿಗಮ ಹುಟ್ಟಿದ 1956ರ ಸೆಪ್ಟೆಂಬರ್ 1ರಂದು ನಮ್ಮ ಬೀದರ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಎರಡು ತಿಂಗಳ ಮೇಲೆ, ನವೆಂಬರ್ 1ರಂದು, ಅದು ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದ ಕಚೇರಿಯ ಉರ್ದುವನ್ನು ಓದಲಾರದ ರೈತನ ಮೊಮ್ಮಗ ಇಂದು ಇಂಗ್ಲಿಷಿನ ಅರ್ಜಿಯನ್ನು ಓದಲಾರ. ಸಂತೆಯಲ್ಲಿ ಕನ್ನಡ, ಮರಾಠಿ, ದಖನಿ ಮೂರನ್ನೂ ಸರಾಗವಾಗಿ ಆಡುವ ಜನ, ತಮ್ಮ ಜೀವಕ್ಕೆ ಸಂಬಂಧಿಸಿದ ಕಾಗದದ ಮುಂದೆ ಮೂಗರಾಗುತ್ತಾರೆ. ಹೆಬ್ಬೆಟ್ಟು ಒತ್ತಿದರೆ, ಇಲ್ಲವೆ ತನ್ನ ಭಾಷೆಯಲ್ಲಿ ಸಹಿ ಹಾಕಿದರೆ, ಅರ್ಜಿ ತುಂಬಿದವರು ಪ್ರಶ್ನೆಗಳನ್ನು ವಿವರಿಸಿ ಹೇಳಿರುವುದಾಗಿ ಬರೆದುಕೊಡುವ ಏರ್ಪಾಡು ಅರ್ಜಿಯಲ್ಲಿಯೇ ಇದೆ. ಆ ಸಾಲು ಆಚಾರಕ್ಕಾಗಿ ತುಂಬುವ ಸಾಲಾಗಬಾರದು. ಎಲ್ಲಕ್ಕೂ ‘ಇಲ್ಲ’ ಎಂದು ಬರೆಯುವ ಏಜೆಂಟರು ತಾವು ಉಪಕಾರ ಮಾಡಿದೆವೆಂದು ಭಾವಿಸಬಹುದು. ಆ ಉಪಕಾರದ ಬೆಲೆಯನ್ನು ತೆರುವವಳು ಮನೆಯೊಡತಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಅರ್ಜಿಯ ಆರೋಗ್ಯದ ಪುಟ ಜನರ ಭಾಷೆಯಲ್ಲಿರಲಿ. ಈ ತಾಲೂಕುಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದುವಿನಲ್ಲಿಯೂ ಸಿಗಲಿ. ಪಾಲಿಸಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದ ಎರಡು ವಾಕ್ಯಗಳಿರಲಿ: ‘ಪಾಲಿಸಿ ಜಾರಿಗೆ ಬರುವ ತನಕ ನಿಮಗೆ ತಿಳಿದ ಕಾಯಿಲೆಗಳನ್ನೆಲ್ಲ ತಿಳಿಸಿ. ಅನಂತರ ಬಂದ ಕಾಯಿಲೆಗಾಗಿ ಹೆದರಬೇಡಿ, ಕಂತು ಬಿಡಬೇಡಿ.’ ಮೊದಲನೆಯದನ್ನು ಸಂಸ್ಥೆಗಳು ಹೇಗೋ ಹೇಳುತ್ತಿವೆ. ಎರಡನೆಯದನ್ನೂ ಅಷ್ಟೇ ಗಟ್ಟಿಯಾಗಿ ಹೇಳುವುದು ನ್ಯಾಯ.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಅರ್ಜಿ ತುಂಬುವಾಗ ಮನೆಯಲ್ಲಿ ಓದು ಬಲ್ಲ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಪಾಲಿಸಿ ಬಂದ ಮೇಲೆ ಅದರ ಜೊತೆಗಿನ ಅರ್ಜಿಯ ಪ್ರತಿಯನ್ನು ಓದಿಸಿ ಕೇಳಬೇಕು. ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಈಗ 30 ದಿನಗಳ ಅವಕಾಶವಿದೆ. ಉತ್ತರ ತಪ್ಪಾಗಿ ಬರೆದಿದ್ದರೆ ಕೂಡಲೇ ಲಿಖಿತವಾಗಿ ತಿದ್ದಿಸಬೇಕು, ಅದರ ನಕಲನ್ನು ಪಾಲಿಸಿಯ ಜೊತೆಗೇ ಇಡಬೇಕು. ಹಣ ನಿರಾಕರಿಸಿದ ಪತ್ರ ಬಂದರೂ ಅದೇ ಕೊನೆಯಲ್ಲ. ಸಂಸ್ಥೆಗೆ ಮೊದಲು ದೂರು ಕೊಟ್ಟು, ಅಲ್ಲಿ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ಬರೆಯಬಹುದು. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಸೊಂಟದ ಮೂಳೆಯ ಬೇನೆಯನ್ನು ಹೇಳಲಿಲ್ಲವೆಂದು, ಹೃದಯಾಘಾತದಿಂದ ಸತ್ತವನ ಮನೆಯವರಿಗೆ ಹಣ ನಿರಾಕರಿಸಿದ ಪ್ರಸಂಗದಲ್ಲಿ, 2015ರಲ್ಲಿ, ಸುಲಭಾ ಮೋಟೆಗಾಂವ್ಕರ್ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಆ ನಿರಾಕರಣೆಯನ್ನು ತಳ್ಳಿಹಾಕಿದ್ದು ನೆನಪಿನಲ್ಲಿಡತಕ್ಕ ಮಾತು.

ರೋಗ ಬಂದವನಿಗೆ ಔಷಧದ ಖರ್ಚಿದೆ, ಪಥ್ಯದ ಕಷ್ಟವಿದೆ, ಮಕ್ಕಳ ಚಿಂತೆಯಿದೆ. ಇವುಗಳ ಮೇಲೆ, ಮಾಡದ ತಪ್ಪಿನ ಭಯವೊಂದನ್ನು ಅವನ ತಲೆಯ ಮೇಲೆ ಹೊರಿಸುವುದು ಬೇಡ. ಹೇಳಬೇಕಾದ ದಿನ ಎಲ್ಲವನ್ನೂ ಹೇಳಿದವನು ಅನಂತರ ನಿಶ್ಚಿಂತೆಯಿಂದ ಗುಳಿಗೆ ನುಂಗಿ, ವಾಯಿದೆ ಮೀರದೆ ಕಂತು ಕಟ್ಟಿ, ರಾತ್ರಿ ನಿದ್ದೆ ಮಾಡಲಿ. ಆ ನಿದ್ದೆಗಾಗಿಯೇ ಅವನು ವಿಮೆ ಇಳಿಸಿದ್ದು.